ಕಟ್ಟೆಯ ಅರಳಿ, ಗೋಡೆಯ ಅರಳಿ: ಊರ ಮರಗಳಿಗೆ ಐನ್ಯಾಚುರಲಿಸ್ಟ್ ಎಷ್ಟು ಸರಿ?

ದೇವಸ್ಥಾನದ ಕಟ್ಟೆಯ ಅರಳಿಮರವನ್ನೂ ಪಕ್ಕದ ಗೋಡೆಯ ಬಿರುಕಿನಲ್ಲಿ ಎದ್ದಿರುವ ಗೇಣುದ್ದದ ಅರಳಿ ಸಸಿಯನ್ನೂ, ಫೋಟೊದಿಂದ ಜೀವಿಗಳ ಹೆಸರು ಗುರುತಿಸಿ ದಾಖಲಿಸುವ ಆ್ಯಪ್ ಆದ ಐನ್ಯಾಚುರಲಿಸ್ಟ್‌ಗೆ ಹಾಕಿ ನೋಡಿ. ಸಸಿಗೆ ‘ರಿಸರ್ಚ್ ಗ್ರೇಡ್’ (ಸಂಶೋಧನೆಗೆ ಯೋಗ್ಯ) ಎಂಬ ದರ್ಜೆ ಸಿಗಬಹುದು. ಊರಿಗೆಲ್ಲ ನೆರಳು ಕೊಡುವ ಮರ ಮಾತ್ರ ‘ಕ್ಯಾಶುಯಲ್’ ಎಂಬ ಮೂಲೆಗೆ ಬೀಳುತ್ತದೆ. ಹಕ್ಕಿ ಹಿಕ್ಕೆಯಿಂದ ಹುಟ್ಟಿದ್ದು ಕಾಡುಗಿಡ, ಮನುಷ್ಯ ನೆಟ್ಟಿದ್ದು ಸಾಕಿದ ಗಿಡ ಎಂಬುದು ಈ ಆ್ಯಪ್‌ನ ಲೆಕ್ಕ. ಬಡಾವಣೆಯ ಮರಗಣತಿಗೆಂದು ಇದನ್ನು ಇಳಿಸಿಕೊಳ್ಳುವವರು ಈ ಲೆಕ್ಕ ತಿಳಿದೇ ಶುರುಮಾಡುವುದು ಒಳ್ಳೆಯದು.

2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಹುಟ್ಟಿದ ಇದು 2023ರಿಂದ ಸ್ವತಂತ್ರ ಲಾಭರಹಿತ ಸಂಸ್ಥೆ. ಪುಕ್ಕಟೆ, ಜಾಹೀರಾತಿನ ಕಾಟವೂ ಇಲ್ಲ. ಫೋಟೊ ಹಾಕಿದರೆ ಕಂಪ್ಯೂಟರ್ ಹೆಸರು ಸೂಚಿಸುತ್ತದೆ, ಆಮೇಲೆ ಬಳಕೆದಾರರೇ ಒಪ್ಪುತ್ತಾರೆ ಇಲ್ಲವೇ ತಿದ್ದುತ್ತಾರೆ. ದಿನಾಂಕ, ಸ್ಥಳ, ಫೋಟೊ ಇದ್ದು, ಕನಿಷ್ಠ ಇಬ್ಬರು ಹೆಸರಿಸಿ, ಅವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಒಂದೇ ಪ್ರಭೇದಕ್ಕೆ ನಿಂತರೆ ರಿಸರ್ಚ್ ಗ್ರೇಡ್. ಅಲ್ಲಿಂದ ದಾಖಲೆ ಜಿಬಿಐಎಫ್ ಎಂಬ ಜಾಗತಿಕ ದತ್ತಾಂಶ ಭಂಡಾರಕ್ಕೆ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಲೈಸೆನ್ಸನ್ನು ‘ಆಲ್ ರೈಟ್ಸ್ ರಿಸರ್ವ್ಡ್’ ಮಾಡಿಟ್ಟರೆ ಹೋಗುವುದಿಲ್ಲ.

ಹೆಸರು ತಪ್ಪಲು ಹೆಚ್ಚಿನ ಸಲ ಫೋಟೊವೇ ಕಾರಣ. ದೂರದಿಂದ ತೆಗೆದ ಒಂದೇ ಹಸಿರು ಮುದ್ದೆ ಯಾರಿಗೂ ಏನನ್ನೂ ಹೇಳುವುದಿಲ್ಲ. ಇಡೀ ಮರ, ತೊಗಟೆ, ಕಡ್ಡಿಸಮೇತ ಪೂರ್ತಿ ಎಲೆ (ಮೇಲ್ಮೈ, ಕೆಳಮೈ ಎರಡೂ), ಹೂವು ಅಥವಾ ಕಾಯಿ, ಇಷ್ಟು ಬೇಕು. ‘ಪೂರ್ತಿ ಎಲೆ’ ಎಂದದ್ದಕ್ಕೆ ಕಾರಣವಿದೆ. ಬೇವಿನ ಒಂದು ಕಿರುಎಲೆ, ಹೆಬ್ಬೇವಿನ ಒಂದು ಕಿರುಎಲೆ ಬಿಡಿಯಾಗಿ ತೆಗೆದರೆ ಗಲಿಬಿಲಿ ಖಂಡಿತ. ಬೇವಿನಲ್ಲಿ ಒಂದೇ ಕಡ್ಡಿಯ ಇಕ್ಕೆಲಗಳಲ್ಲಿ ಕಿರುಎಲೆ ಸಾಲು. ಹೆಬ್ಬೇವಿನಲ್ಲಿ ಆ ಕಡ್ಡಿಯೇ ಮತ್ತೆ ಕವಲೊಡೆದಿರುತ್ತದೆ. ಹೂವಿಲ್ಲದ ಜಕರಂಡ, ಗುಲ್‌ಮೊಹರ್‌ಗಳದ್ದೂ ಇದೇ ಪಾಡು. ಅಲ್ಲಿ ಕಾಯಿ ಕೈಹಿಡಿಯುತ್ತದೆ: ಜಕರಂಡದ್ದು ಚಪ್ಪಟೆ ದುಂಡು ಬಿಲ್ಲೆ, ಗುಲ್‌ಮೊಹರ್‌ನದು ಕತ್ತಿಯಂಥ ಉದ್ದ ಕೋಡು. ಕತ್ತಿಕಾಯಿ ಮರ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಬುಡದಲ್ಲಿ ಬಿದ್ದ ಹೂ ಕಾಯಿ ತೆಗೆಯುವುದಾದರೆ ಪಕ್ಕದ ಮರದ್ದಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಒಂದು ದಾಖಲೆಗೆ ಒಂದೇ ಮರ. ಸಾಲುಮರಗಳನ್ನೆಲ್ಲ ಒಟ್ಟಿಗೆ ತುರುಕಿದರೆ ದಾಖಲೆ ಕೆಟ್ಟಂತೆ.

ಗುಂಪಿನಲ್ಲಿ ಮಾಡುವಾಗ ಇನ್ನೊಂದು ಎಡವಟ್ಟು: ಎಲ್ಲರೂ ವಾಟ್ಸಾಪ್‌ನಲ್ಲಿ ಫೋಟೊ ಕಳಿಸುತ್ತಾರೆ, ಒಬ್ಬರು ಕೂತು ಏರಿಸುತ್ತಾರೆ. ವಾಟ್ಸಾಪ್ ಫೋಟೊದೊಳಗಿನ ದಿನಾಂಕ, ಜಿಪಿಎಸ್ ಎರಡನ್ನೂ ಅಳಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ತೆಗೆದವರೇ ತಮ್ಮ ಖಾತೆಯಿಂದ ಏರಿಸುವುದು ಇನ್ನೂ ವಾಸಿ.

ಈಗ ನೆಟ್ಟ ಮರಗಳ ವಿಷಯ. ‘ಕ್ಯಾಪ್ಟಿವ್/ಕಲ್ಟಿವೇಟೆಡ್’ (ಸಾಕಿದ್ದು/ಬೆಳೆಸಿದ್ದು) ಎಂಬ ಗುರುತು ನೀವು ಹಾಕದಿದ್ದರೂ ಬೇರೆಯವರು ಹಾಕಬಹುದು. ಒಂದು ಪ್ರದೇಶದಲ್ಲಿ ಆ ಸಸ್ಯದ ಕನಿಷ್ಠ 10 ದಾಖಲೆಗಳಿದ್ದು, ಶೇ 80ಕ್ಕೆ ಆ ಗುರುತು ಬಿದ್ದಿದ್ದರೆ ವ್ಯವಸ್ಥೆಯೇ ನಿಮ್ಮದಕ್ಕೂ ಹಾಗೆ ಮತ ಹಾಕುತ್ತದೆ. ಕ್ಯಾಶುಯಲ್ ಆದ ದಾಖಲೆ ಹೆಸರು ಹೇಳುವವರ ಪಟ್ಟಿಯಲ್ಲಿ ತಾನಾಗಿ ಕಾಣಿಸುವುದಿಲ್ಲ, ಹಾಗಾಗಿ ಗುರುತು ಸಿಗದೆ ವರ್ಷಗಟ್ಟಲೆ ಬಿದ್ದಿರುತ್ತದೆ. ಇದನ್ನು ತಪ್ಪಿಸಲು ‘ಕಾಡುಮರ’ ಎಂದು ಸುಳ್ಳು ಹೇಳಬೇಡಿ. ಆ ಮರ ಎಲ್ಲಿ ಸಹಜವಾಗಿ ಬೆಳೆಯುತ್ತದೆ ಎಂಬ ನಕ್ಷೆಯೇ ಹಾಳಾಗುತ್ತದೆ. ಹಾಗೆಂದು ಕೈಚೆಲ್ಲುವುದೂ ಬೇಡ. ಮಾವಿನ ಕೊಂಬೆಗೆ ಅಂಟಿದ ಬಂದಳಿಕೆ, ತೊಗಟೆಯ ಮೇಲಿನ ಕಲ್ಲುಹೂವು, ಎಲೆ ತಿನ್ನುವ ಹುಳು ಎಲ್ಲವೂ ತಾವಾಗಿ ಬಂದವು. ಪ್ರತಿಯೊಂದಕ್ಕೂ ಪ್ರತ್ಯೇಕ ದಾಖಲೆ ಮಾಡಿ. ಜೀವವೈವಿಧ್ಯದ ಕಣ್ಣಿಂದ ನೋಡಿದರೆ ಮರಕ್ಕಿಂತ ರುಚಿಯಾದ ಸಂಗತಿ ಇರುವುದು ಇಲ್ಲೇ.

ಶ್ರೀಗಂಧ ಕಂಡರೆ ಸ್ಥಳವನ್ನು ‘ಅಬ್‌ಸ್ಕ್ಯೂರ್ಡ್’ ಮಾಡಿ. ಆಗ ಸುಮಾರು 22 ಕಿ.ಮೀ. ಅಗಲದ ಚೌಕದೊಳಗೆ ಎಲ್ಲೋ ಒಂದು ಚುಕ್ಕಿ ಕಾಣುತ್ತದೆ. ಇಷ್ಟು ಮಾಡಿ ಟಿಪ್ಪಣಿಯಲ್ಲಿ ‘ಕೆರೆ ಏರಿ ಹಿಂದಿನ ತೋಟ’ ಎಂದು ಬರೆದರೆ ಕಳ್ಳನಿಗೆ ದಾರಿ ತೋರಿಸಿದಂತೆ!

ಮರದ ಹೆಸರು ಕಲಿಯಲು ಐದಕ್ಕೆ ನಾಲ್ಕೂವರೆ ಕೊಡಬಹುದು. ಬೀದಿಮರಗಳ ದಾಖಲೆಗೆ ಎರಡರ ಮೇಲೆ ಕೊಡಲಾಗದು. ಆ ಕೆಲಸಕ್ಕೆ ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನವರ ಸೀಸನ್‌ವಾಚ್ ಎಂಬ ಮರ ಗಮನಿಸುವ ಯೋಜನೆ ಹೊಂದುತ್ತದೆ. ಅದಕ್ಕೆ ನೆಟ್ಟ ಮರವೂ ಸೈ. ಹೊಂಗೆಯನ್ನೋ ಕಕ್ಕೆಯನ್ನೋ ನೋಂದಾಯಿಸಿ, ವಾರಕ್ಕೊಮ್ಮೆ ಚಿಗುರು, ಬಲಿತ ಎಲೆ, ಮೊಗ್ಗು, ಹೂವು, ಕಾಯಿ, ಹಣ್ಣು ‘ಇಲ್ಲ, ಸ್ವಲ್ಪ, ತುಂಬ’ ಎಂದು ಗುರುತಿಸಬೇಕು. ಮರದ ಮೂರನೇ ಒಂದು ಭಾಗದೊಳಗಿದ್ದರೆ ಸ್ವಲ್ಪ, ಮೀರಿದರೆ ತುಂಬ. ಹೂವಿಲ್ಲದ ವಾರಗಳನ್ನು ಬಿಟ್ಟು, ಮರ ಹಳದಿಯಾದಾಗ ಮಾತ್ರ ಓಡಿ ಬರುವವರೇ ಜಾಸ್ತಿ. ಹಿಂದಿನ ವಾರದ ‘ಇಲ್ಲ’ ದಾಖಲಾಗಿರದಿದ್ದರೆ ಕಕ್ಕೆ ಆ ವಾರವೇ ಅರಳಿತೋ, ತಿಂಗಳ ಹಿಂದೆಯೋ ಹೇಳಲು ಬರುವುದಿಲ್ಲ.