ಕತ್ತಲೆಯ ವಿಡಿಯೊವನ್ನೂ ಹೊಗಳಿದರು: ಆನ್‌ಲೈನ್ ಗಿಟಾರ್ ಪಾಠಕ್ಕೆ ಹಣ ಕಟ್ಟುವ ಮೊದಲು ಓದಿ

ಮೊದಲೇ ವಿಷಯ ಹೇಳಿಬಿಡುತ್ತೇನೆ. ಗಿಟಾರ್ ಕಲಿಸುವ ಆ್ಯಪ್ ಒಂದರ ಚಂದಾದಾರಿಕೆಯಲ್ಲಿ ನಾನು 11,988 ರೂಪಾಯಿ ಕಳೆದುಕೊಂಡಿದ್ದೇನೆ. ಹಣ ಹೋದದ್ದು ಒಂದು ಕಡೆ. ನನ್ನ ಮಗಳಿಗೆ ವಾರಗಟ್ಟಲೆ ಸುಳ್ಳು ಹೇಳಿದ್ದಾರೆ. ಅದನ್ನು ನುಂಗಿಕೊಳ್ಳಲು ಆಗುತ್ತಿಲ್ಲ.

ನಾವು ಕೊಡಗಿನ ನಾಪೋಕ್ಲು ಕಡೆಯವರು. ಗಿಟಾರ್ ಕೊಡಿಸಿದ್ದು ನನ್ನ ತಮ್ಮ. ಕಲಿಸುವವರು ಬೇಕೆಂದರೆ ಮಡಿಕೇರಿಗೋ ವಿರಾಜಪೇಟೆಗೋ ಹೋಗಬೇಕು. ಜೂನ್ ತಿಂಗಳ ಮಳೆಯಲ್ಲಿ ಏಳನೇ ತರಗತಿಯ ಹುಡುಗಿಯನ್ನು ಸಂಜೆ ಹೊತ್ತು ಬಸ್ಸಿಗೆ ಹತ್ತಿಸುವುದು ಹೇಗೆ? ಆಗ ಮೊಬೈಲಿನಲ್ಲಿ ಆ ಜಾಹೀರಾತು ಕಂಡಿತು. ಒಂದು ರೂಪಾಯಿಗೆ ಏಳು ದಿನ, ಇಷ್ಟವಾದರೆ ತಿಂಗಳಿಗೆ 999. ವಾರಕ್ಕೊಂದು ವಿಡಿಯೊ ಕಳುಹಿಸಿದರೆ ಗುರುಗಳೇ ನೋಡಿ ತಪ್ಪು ತಿದ್ದುತ್ತಾರಂತೆ. ನಾನು ಮರುಳಾದದ್ದು ಈ ಕೊನೆಯ ಮಾತಿಗೆ. ಪಾಠದ ವಿಡಿಯೊಗಳು ಪುಕ್ಕಟೆಯಾಗಿ ಬೇಕಾದಷ್ಟು ಸಿಗುತ್ತವೆ, ತಿದ್ದುವವರು ಸಿಗುವುದಿಲ್ಲ.

ಒಂದು ರೂಪಾಯಿ ಕಟ್ಟಲು ಯುಪಿಐ ಪಿನ್ ಹಾಕಿದೆ. ಅದು ಬರೀ ಒಂದು ರೂಪಾಯಿಯ ಪಾವತಿಯಾಗಿರಲಿಲ್ಲ, ಆಟೋಪೇಗೆ, ಅಂದರೆ ಮುಂದೆ ಖಾತೆಯಿಂದ ಹಣ ತಾನಾಗಿಯೇ ಕಡಿತವಾಗಲು, ಕೊಟ್ಟ ಒಪ್ಪಿಗೆಯಾಗಿತ್ತು. ಗರಿಷ್ಠ ಮೊತ್ತ 12,000 ಎಂದು ಕೆಳಗೆ ಇತ್ತು. ಇತ್ತು, ನಾನು ನೋಡಲಿಲ್ಲ. ಹೀಗೆ ಒಮ್ಮೆ ಒಪ್ಪಿಗೆ ಕೊಟ್ಟ ಮೇಲೆ 15,000 ರೂಪಾಯಿಯವರೆಗೆ ಮತ್ತೆ ಪಿನ್ ಕೇಳದೆಯೇ ಹಣ ಹೋಗುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 24 ಗಂಟೆ ಮೊದಲು ಸಂದೇಶ ಬರಬೇಕು. ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟೂ ಇರಲಿಲ್ಲ, ಟವರೂ ಇರಲಿಲ್ಲ. ಸಿಗ್ನಲ್ ಬಂದಾಗ ಎರಡು ಸಂದೇಶಗಳು ಒಟ್ಟಿಗೇ ಬಂದು ಬಿದ್ದವು. ನಾಳೆ ಹಣ ಕಡಿತವಾಗುತ್ತದೆ ಎಂಬುದೊಂದು, ಕಡಿತವಾಯಿತು ಎಂಬುದೊಂದು. ತಿಂಗಳಿಗೆ 999 ಎಂದವರು ಹನ್ನೆರಡು ತಿಂಗಳಿನದ್ದನ್ನು ಒಂದೇ ಸಲಕ್ಕೆ ಎಳೆದುಕೊಂಡಿದ್ದರು. ಕರಿಮೆಣಸು ಮಾರಿ ಶಾಲೆಯ ಫೀಸಿಗೆಂದು ಇಟ್ಟಿದ್ದ ಹಣ ಅದು.

ಮನೆಯಲ್ಲಿ ಹೇಳಲು ನಾಚಿಕೆಯಾಯಿತು. ಹೋಗಲಿ, ಹುಡುಗಿ ಕಲಿಯುತ್ತಾಳಲ್ಲ ಎಂದು ಸುಮ್ಮನಾದೆ. ಆಗಲೇ ಬಾಯಿ ತೆರೆಯಬೇಕಿತ್ತು.

ಅವಳಂತೂ ಜೀವ ಬಿಟ್ಟು ಅಭ್ಯಾಸ ಮಾಡಿದಳು. ತಂತಿ ಒತ್ತಿ ಒತ್ತಿ ಎಡಗೈ ಬೆರಳ ತುದಿಗಳು ಕೆಂಪಾಗಿ ಊದಿಕೊಂಡರೂ ಸಂಜೆಯಾದರೆ ಗಿಟಾರ್ ಹಿಡಿದು ಕೂರುತ್ತಿದ್ದಳು. ಹಲವು ತಂತಿಗಳನ್ನು ಒಟ್ಟಿಗೆ ನುಡಿಸುವ ಸ್ವರಗುಚ್ಛಕ್ಕೆ ಕಾರ್ಡ್ ಎನ್ನುತ್ತಾರೆ. ಅದರಲ್ಲಿ ಎಫ್ ಕಾರ್ಡ್ ಮಾತ್ರ ಏನು ಮಾಡಿದರೂ ಬರುತ್ತಿರಲಿಲ್ಲ. ಆದರೂ ವಾರವಾರ ಉತ್ತರ ಬರುತ್ತಿತ್ತು: ಬಹಳ ಚೆನ್ನಾಗಿದೆ, ಮುಂದುವರಿಸು. ಅದನ್ನು ಅಜ್ಜಿಗೆ ಓದಿ ಹೇಳುತ್ತಿದ್ದಳು.

ಏಳನೇ ವಾರ. ವಿಡಿಯೊ ಮಾಡಲು ಶುರು ಮಾಡಿದ್ದೇ ತಡ, ಕರೆಂಟ್ ಹೋಯಿತು. ಪರದೆಯ ತುಂಬ ಕತ್ತಲೆ. ಶೀಟಿನ ಮೇಲೆ ಸುರಿಯುವ ಮಳೆಯ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಗಡಿಬಿಡಿಯಲ್ಲಿ ಅದೇ ವಿಡಿಯೊ ಅವರಿಗೆ ಹೋಗಿಬಿಟ್ಟಿತು. ಎರಡು ದಿನ ಬಿಟ್ಟು ಉತ್ತರ ಬಂತು: ‘ಎಡಗೈ ಭಂಗಿ ತುಂಬಾ ಸುಧಾರಿಸಿದೆ. ಎಫ್ ಕಾರ್ಡ್ ಸ್ಪಷ್ಟವಾಗಿ ಕೇಳುತ್ತಿದೆ. ಶಭಾಷ್!’

ಮಗಳು ಎರಡು ಸಲ ಓದಿದಳು. ‘ಅಮ್ಮ, ಅದರಲ್ಲಿ ನನ್ನ ಕೈಯೇ ಕಾಣುವುದಿಲ್ಲವಲ್ಲ?’ ಎಂದಳು.

ಹಳೆಯ ಉತ್ತರಗಳನ್ನೆಲ್ಲ ತೆಗೆದು ನೋಡಿದೆವು. ಮೂರನೆಯದೂ ಐದನೆಯದೂ ಅಕ್ಷರಕ್ಕೆ ಅಕ್ಷರ ಒಂದೇ. ಯಾರೂ ನೋಡಿರಲಿಲ್ಲ. ಒಂದೇ ಒಂದು ವಿಡಿಯೊವನ್ನೂ ಯಾರೂ ನೋಡಿರಲಿಲ್ಲ. ಅವಳು ಅಳಲಿಲ್ಲ, ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. ಆ ಸದ್ದು ಈಗಲೂ ಕಿವಿಯಲ್ಲಿದೆ.

ದೂರು ಬರೆದೆ. ‘ಪ್ರಿಯ ಸದಸ್ಯರೇ, ನಿಮ್ಮ ಅನಿಸಿಕೆ ನಮಗೆ ಅಮೂಲ್ಯ’ ಎಂದು ಬಂತು. ಮತ್ತೆ ಬರೆದೆ, ಮತ್ತೆ ಅದೇ ಬಂತು. ನಾಲ್ಕನೇ ಸಲಕ್ಕೆ ಒಬ್ಬ ಹುಡುಗ ಫೋನ್ ಮಾಡಿದ. ‘ಮೇಡಂ, ಪಿನ್ ಹಾಕಿದ್ದು ನೀವೇ ಅಲ್ಲವೇ?’ ಹೌದಪ್ಪ, ನಾನೇ. ಕತ್ತಲೆಯಲ್ಲಿ ನನ್ನ ಮಗಳ ಎಡಗೈ ನೋಡಿದ್ದು ಯಾರು ಎಂದು ಕೇಳಿದೆ. ಅವನು ಹೇಳಿದ್ದು: ‘ಅದು ಪ್ರೋತ್ಸಾಹದ ಉತ್ತರ ಮೇಡಂ. ಮಕ್ಕಳಿಗೆ ಪ್ರೋತ್ಸಾಹ ಬೇಕಲ್ಲವೇ?’ ನನಗೆ ಮಾತೇ ಹೊರಡಲಿಲ್ಲ. ಹಣ ವಾಪಸ್ ಕೊಡಿ ಎಂದರೆ, ಬೇಕಾದರೆ ಇನ್ನೂ ಮೂರು ತಿಂಗಳು ಉಚಿತವಾಗಿ ಸೇರಿಸುತ್ತೇವೆ ಎಂದ. ಇದೇ ಉತ್ತರಗಳು ಇನ್ನೂ ಮೂರು ತಿಂಗಳು!

ಆಮೇಲೆ ವಿರಾಜಪೇಟೆಯ ಸಂಬಂಧಿಕರೊಬ್ಬರು ಮನೆಗೆ ಬಂದಾಗ ಗಿಟಾರ್ ಎತ್ತಿಕೊಂಡು ಒಮ್ಮೆ ಮೀಟಿ ನೋಡಿದರು. ಇ, ಎ, ಡಿ, ಜಿ, ಬಿ, ಇ ಎಂದು ಇರಬೇಕಾದ ಆರು ತಂತಿಗಳಲ್ಲಿ ಎರಡರ ಶ್ರುತಿ ಇಳಿದಿತ್ತು. ನಮ್ಮ ಮಳೆಗಾಲದ ತೇವಕ್ಕೆ ಮರ ಉಬ್ಬಿ ತಂತಿಗಳು ಮೇಲೆದ್ದಿವೆ, ಮಗುವಿನ ಬೆರಳಿಗೆ ಇದು ಒತ್ತಲು ಬರುವುದೇ ಇಲ್ಲ ಎಂದರು. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಲಾಗಿ ಒತ್ತುವ ಎಫ್ ಈಗ ಬೇಡ, ಮೊದಲು ಕೆಳಗಿನ ನಾಲ್ಕು ತಂತಿಗಳಲ್ಲಿ ನುಡಿಸು ಎಂದು ಹೇಳಿಕೊಟ್ಟರು. ಹತ್ತು ನಿಮಿಷದ ಮಾತು. ಕಿವಿಯಿರುವ ಯಾರೇ ಆಗಲಿ ಮೊದಲ ವಿಡಿಯೊದಲ್ಲೇ ಹೇಳಬಹುದಾಗಿದ್ದ ಮಾತು. ಅಷ್ಟೂ ದಿನ ಅವಳು ತನ್ನ ಕೈಯೇ ಸರಿಯಿಲ್ಲ ಎಂದುಕೊಂಡಿದ್ದಳು.

ಆ್ಯಪ್ ಅಳಿಸಿದರೆ ಆಟೋಪೇ ನಿಲ್ಲುವುದಿಲ್ಲ, ನೆನಪಿಡಿ. ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಎಂಬ ಭಾಗಕ್ಕೆ ಹೋಗಿ ನೀವೇ ರದ್ದು ಮಾಡಬೇಕು. ನಾನು ಮಾಡಿದೆ, ಇಲ್ಲದಿದ್ದರೆ ಮುಂದಿನ ವರ್ಷವೂ ಹೋಗುತ್ತಿತ್ತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಚಂದಾದಾರಿಕೆಯ ಬಲೆಗೆ ಕೆಡವುವುದನ್ನು 2023ರಲ್ಲೇ ಕೇಂದ್ರದ ಗ್ರಾಹಕ ಪ್ರಾಧಿಕಾರ ನಿಷೇಧಿಸಿದೆ. ಅಲ್ಲೂ ಆಗದಿದ್ದರೆ ಮಡಿಕೇರಿಯ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ಆ ಕತ್ತಲೆ ವಿಡಿಯೊ ಮತ್ತು ಅದಕ್ಕೆ ಬಂದ ಶಭಾಷ್ ಎರಡನ್ನೂ ಜೋಪಾನವಾಗಿ ಇಟ್ಟಿದ್ದೇನೆ.

ನಿಮ್ಮ ಮಕ್ಕಳೂ ಹೀಗೆ ಕಲಿಯುತ್ತಿದ್ದರೆ ಅವರಿಗೆ ಬಂದ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಓದಿ. ಇವತ್ತೇ ಓದಿ.