ಪಿಕ್ಚರ್ ಎಲಿಮೆಂಟ್: ವಾದವಿವಾದದಲ್ಲಿ ರೂಪುಗೊಂಡ ಒಳ್ಳೆಯ ಸಾಧನ

ಜಾಲತಾಣ ಕಟ್ಟುವವರಿಗೆ ಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ದೊರೆಯುವ ಸಾಧನಗಳ ಪೈಕಿ ನಾನು ಹೆಚ್ಚು ನೆಚ್ಚಿಕೊಂಡಿರುವುದು ಪಿಕ್ಚರ್ ಎಲಿಮೆಂಟನ್ನು. ಒಂದೇ ಚಿತ್ರದ ಹಲವು ಆವೃತ್ತಿಗಳನ್ನು ಸೂಚಿಸಿ, ಪರದೆಯ ಅಗಲಕ್ಕೂ ತಾನು ಬಲ್ಲ ಕಡತದ ಮಾದರಿಗೂ ಹೊಂದುವುದನ್ನು ಆರಿಸಿಕೊಳ್ಳುವ ಕೆಲಸವನ್ನು ಬ್ರೌಸರ್‌ಗೇ ಒಪ್ಪಿಸುವುದು ಇದರ ಉದ್ದೇಶ. 2012ರಲ್ಲಿ ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಆಶ್ರಯದಲ್ಲಿ ಡೆವಲಪರುಗಳ ಗುಂಪೊಂದು ಇದನ್ನು ರೂಪಿಸುತ್ತಿದ್ದಾಗಲೇ, ಎಚ್‌ಟಿಎಂಎಲ್ ಮಾನದಂಡವನ್ನು ಬರೆಯುವ ವಾಟ್‌ಡಬ್ಲ್ಯೂಜಿ ಬಳಗವು, ಚಿತ್ರ ತೋರಿಸುವ ಇಮೇಜ್ ಟ್ಯಾಗ್‌ಗೆ ಎಸ್‌ಆರ್‌ಸಿ-ಸೆಟ್ ಎಂಬ ಗುಣವನ್ನು (ಒಂದೇ ಚಿತ್ರದ ಬೇರೆ ಬೇರೆ ಅಳತೆಯ ಕಡತಗಳ ಪಟ್ಟಿ) ಸೇರಿಸಿತು; ತಮ್ಮ ಮಾತಿಗೆ ಬೆಲೆಯಿಲ್ಲವೇ ಎಂದು ಅನೇಕರು ನೊಂದುಕೊಂಡರು, ಆ ನೋವು ನ್ಯಾಯವಾದುದೆಂದೇ ನನ್ನ ಅಭಿಪ್ರಾಯ. 2014ರಲ್ಲಿ ಕ್ರೋಮ್ 38ರೊಂದಿಗೆ ಬಂದ ರೂಪದಲ್ಲಿ ಎರಡೂ ಒಂದಾಗಿವೆ. ಪಿಕ್ಚರ್ ಬರಿಯ ಹೊದಿಕೆ. ಚಿತ್ರವನ್ನು ತೋರಿಸುವುದು ಅದರೊಳಗಿನ ಇಮೇಜ್ ಟ್ಯಾಗೇ ಆದ್ದರಿಂದ, ಹಳೆಯ ಬ್ರೌಸರ್ ಹೊರಗಿನದನ್ನು ಅರಿಯದಿದ್ದರೂ ಚಿತ್ರ ಕಾಣುತ್ತದೆ, ಅಂಧ ಓದುಗರಿಗೆ ಬೇಕಾದ ಬದಲಿ ಪಠ್ಯವನ್ನೂ ಒಂದೇ ಕಡೆ ಬರೆದರೆ ಸಾಕು. ಈ ಜಾಣ್ಮೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಕೊರತೆಯೆಂದರೆ ಬರವಣಿಗೆಯ ಉದ್ದ, ಅದರಲ್ಲೂ ಸೈಜಸ್ ಗುಣ: ಪುಟದ ವಿನ್ಯಾಸ ಅದಕ್ಕೆಂದೇ ಇರುವ ಸಿಎಸ್‌ಎಸ್ ಭಾಷೆಯಲ್ಲಿದ್ದರೂ ಚಿತ್ರದ ಅಗಲವನ್ನು ಇಲ್ಲಿ ಮತ್ತೆ ಹೇಳಬೇಕು, ವಿನ್ಯಾಸ ಬದಲಾದಾಗ ಇದನ್ನು ತಿದ್ದಲು ಮರೆತರೆ ಬೇಡದ ದೊಡ್ಡ ಕಡತ ಇಳಿಯಬಹುದು. ಅಳತೆಯಷ್ಟೇ ಬದಲಾಗಬೇಕಿದ್ದರೆ ಎಸ್‌ಆರ್‌ಸಿ-ಸೆಟ್ ಸಾಕು. ಸಣ್ಣ ಪರದೆಗೆ ಬೇರೆಯದೇ ರೀತಿಯಲ್ಲಿ ಕತ್ತರಿಸಿದ ಚಿತ್ರ ಬೇಕಾದಾಗ, ಅಥವಾ ಎವಿಐಎಫ್ ಎಂಬ ಹೊಸ ಮಾದರಿಯ ಚಿತ್ರಕ್ಕೆ, ಅದನ್ನು ಅರಿಯದ ಬ್ರೌಸರ್‌ಗಳಿಗಾಗಿ ಹಳೆಯ ಜೆಪೆಗ್ ಮಾದರಿಯ ಆಸರೆ ಕೊಡುವಾಗ ಪಿಕ್ಚರನ್ನೇ ಬಳಸಿ.