ಯೂನಿಡಿಕೋಡ್: ಕಡತದ ಹೆಸರಿಗೆ ಸಾಕು, ಸದಸ್ಯರ ಹೆಸರಿಗೆ ಸಾಲದು

ಕುಮಟಾ, ಅಂಕೋಲಾ, ಶಿರಸಿ ಕಡೆಯ ಸೇವಾ ಸಹಕಾರಿ ಸಂಘಗಳಿಗೆ ಲೆಕ್ಕಪತ್ರದ ತಂತ್ರಾಂಶ ಬರೆದುಕೊಡುವುದು ನನ್ನ ಕೆಲಸ. ಸದಸ್ಯರ ಪಟ್ಟಿ ಕನ್ನಡದಲ್ಲಿರುತ್ತದೆ. ರಸೀದಿ ಮುದ್ರಿಸುವ ಹಳೆಯ ಡಾಟ್ ಮ್ಯಾಟ್ರಿಕ್ಸ್ ಯಂತ್ರಕ್ಕಾದರೋ ಕನ್ನಡ ಗೊತ್ತಿಲ್ಲ, ಆಸ್ಕಿಯೇ (ಇಂಗ್ಲಿಷ್ ಅಕ್ಷರ, ಅಂಕಿಗಳಷ್ಟೇ ಇರುವ ಹಳೆಯ ಸಂಕೇತಮಾಲೆ) ಬೇಕು. ಅದಕ್ಕಾಗಿ, ಬೇರೆ ಲಿಪಿಗಳ ಬರಹವನ್ನು ಆಸ್ಕಿಗೆ ಇಳಿಸುವ ಯೂನಿಡಿಕೋಡ್ ಎಂಬ, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಲೈಬ್ರರಿಯನ್ನು (ಸಿದ್ಧ ಕೋಡಿನ ಕಟ್ಟನ್ನು) ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಶಾನ್ ಬರ್ಕ್ ಅವರು ಪರ್ಲ್ ಭಾಷೆಗೆ ಬರೆದಿದ್ದ ಲೈಬ್ರರಿಯ ಪೈಥಾನ್ ರೂಪ ಇದು.

ಮೆಚ್ಚುವಂಥದ್ದು ಇದರ ಹಗುರತನ. ಪೂರ್ತಿ ಪೈಥಾನಿನಲ್ಲೇ ಇರುವುದರಿಂದ ಬೇರಾವ ಲೈಬ್ರರಿಯನ್ನೂ ಬೇಡುವುದಿಲ್ಲ. ಒಮ್ಮೆ ಹಾಕಿಕೊಂಡರೆ ಅಂತರಜಾಲದ ಹಂಗಿಲ್ಲ. ಮಳೆಗಾಲದ ಘಟ್ಟದ ಮೇಲೆ ಇದು ಸಣ್ಣ ಅನುಕೂಲವಲ್ಲ. ಕನ್ನಡ ಅಂಕಿಗಳನ್ನು ತಪ್ಪಿಲ್ಲದೆ ಇಂಗ್ಲಿಷ್ ಅಂಕಿಗಳಾಗಿಸುತ್ತದೆ. ಕಾರವಾರದ ಕಡೆ ಕೊಂಕಣಿ ಹೆಸರುಗಳು ಕನ್ನಡದಲ್ಲೂ ದೇವನಾಗರಿಯಲ್ಲೂ ಬರುತ್ತವೆ. ರಾಮ, ಕಮಲದಂಥ ಸರಳ ಹೆಸರುಗಳು ಎರಡೂ ಲಿಪಿಗಳಿಂದ ಒಂದೇ ರೂಪಕ್ಕೆ ಇಳಿಯುವುದರಿಂದ ಹುಡುಕಾಟ ಸುಲಭವಾಗುತ್ತದೆ.

ತೊಡಕು ಅದರ ಕೆಲಸದ ರೀತಿಯಲ್ಲೇ ಇದೆ. ಅದು ಪದವನ್ನು ನೋಡುವುದಿಲ್ಲ. ಒಂದೊಂದು ಯೂನಿಕೋಡ್ ಸಂಕೇತವನ್ನು (ಎಲ್ಲ ಲಿಪಿಗಳ ಅಕ್ಷರ, ಚಿಹ್ನೆಗಳಿಗೆ ಕೊಟ್ಟಿರುವ ಸಂಖ್ಯೆಯನ್ನು) ಬಿಡಿಯಾಗಿ ಕೋಷ್ಟಕದಲ್ಲಿ ಹುಡುಕಿ, ಸಿಕ್ಕಿದ್ದನ್ನು ಜೋಡಿಸುತ್ತದೆ. ನಮ್ಮ ವ್ಯಂಜನದೊಳಗಿರುವ ಅಕಾರಕ್ಕೆ ಯೂನಿಕೋಡ್‌ನಲ್ಲಿ ಪ್ರತ್ಯೇಕ ಸಂಕೇತವಿಲ್ಲವಾದ್ದರಿಂದ ಅದು ಮಾಯ. ಕಮಲ ಎಂಬವರು ಬರೀ ಕೆ, ಎಂ, ಎಲ್ ಆಗುತ್ತಾರೆ. ಭಟ್ಕಳದಲ್ಲಿ ಒಂದು ಸ್ವರವೂ ಉಳಿಯುವುದಿಲ್ಲ. ಅಕಾರವನ್ನು ತೆಗೆಯುವ ಅರ್ಧಾಕ್ಷರದ ಚಿಹ್ನೆಗೂ (‘ಯ್’ನಲ್ಲಿ ಕಾಣುವುದು) ಕೋಷ್ಟಕದಲ್ಲಿರುವುದು ಖಾಲಿ ಜಾಗ. ಹೀಗಾಗಿ ‘ನಾಯಕ’ ಮತ್ತು ‘ನಾಯ್ಕ’ ಎರಡೂ ಒಂದೇ ಅಕ್ಷರಸಾಲಾಗಿ ಹೊರಬರುತ್ತವೆ. ಇವೆರಡು ಬೇರೆ ಬೇರೆ ಅಡ್ಡಹೆಸರುಗಳೆಂದು ಅಂಕೋಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಷೇರು ವಹಿಯಲ್ಲಿ ಇವು ಬೆರೆತರೆ ವಾರ್ಷಿಕ ಸಭೆಯಲ್ಲಿ ಚಹಾ ಬರುವ ಮೊದಲೇ ಗಲಾಟೆ ಶುರುವಾಗುತ್ತದೆ.

ಇದನ್ನು ಲೈಬ್ರರಿಯ ವಂಚನೆ ಎನ್ನಲಾಗದು. ಯೂನಿಕೋಡ್ ಬೆಂಬಲಕ್ಕೆ ತಾನು ಬದಲಿಯಲ್ಲವೆಂದು ಅದರ ಕೈಪಿಡಿಯೇ ಹೇಳುತ್ತದೆ. ಆದರೆ ಕೋಷ್ಟಕದಲ್ಲಿಲ್ಲದ ಸಂಕೇತ ಬಂದಾಗ ಸದ್ದಿಲ್ಲದೆ ನುಂಗಿಬಿಡುವುದನ್ನು ರೂಢಿಯ ನಡೆಯಾಗಿ ಇಟ್ಟದ್ದು ನನಗೆ ಒಪ್ಪಿಗೆಯಿಲ್ಲ. 1.2 ಆವೃತ್ತಿಯಿಂದ ‘ಸ್ಟ್ರಿಕ್ಟ್’ ಆಯ್ಕೆ ಇದೆ. ಅದನ್ನು ಹಾಕಿಕೊಂಡರೆ ಅಂಥಲ್ಲಿ ದೋಷ ತೋರಿಸಿ ನಿಲ್ಲುತ್ತದೆ. ಹಾಕಿಕೊಳ್ಳಿ.

ಓದುವಂಥ ಲಿಪ್ಯಂತರ ಬೇಕಾದರೆ ಐಸಿಯು ಎಂಬ ಇನ್ನೊಂದು ಯೂನಿಕೋಡ್ ಲೈಬ್ರರಿ ಮೇಲು. ಅದಕ್ಕೆ ಅಕಾರದ ಅರಿವಿದೆ, ನಾಯಕ–ನಾಯ್ಕ ಬೇರೆಯಾಗಿಯೇ ಉಳಿಯುತ್ತವೆ. ಆಸ್ಕಿಗೆ ಇಳಿಸುವಾಗ ದೀರ್ಘದ ಗೆರೆಗಳು ಉದುರಿ ‘ಕಲ’, ‘ಕಾಲ’ ಒಂದಾಗುವುದು ಅದರ ಕೊರತೆ. ವಿಂಡೋಸ್ ಗಣಕಕ್ಕೆ ಅದರ ಪೈಥಾನ್ ರೂಪವನ್ನು ಹಾಕುವುದಂತೂ ಹರಸಾಹಸ.

ಏನೂ ಕಳೆಯದೆ ಆಸ್ಕಿಯಲ್ಲಿ ಸಾಗಿಸುವುದಷ್ಟೇ ಗುರಿಯಾದರೆ ಪೈಥಾನಿನಲ್ಲೇ ಇರುವ ಜೇಸನ್ (ದತ್ತಾಂಶವನ್ನು ಪಠ್ಯವಾಗಿ ಬರೆದಿಡುವ ಮಾದರಿ) ಘಟಕವೇ ಸಾಕು. ‘ಕಾರವಾರ’ದ ಆರು ಸಂಕೇತಗಳು ಅಲ್ಲಿ ಆರಾರರಂತೆ 36 ಆಸ್ಕಿ ಅಕ್ಷರಗಳಾಗುತ್ತವೆ, ಯೂನಿಕೋಡನ್ನು ಉಳಿಸಿಡುವ ಸಾಮಾನ್ಯ ವಿಧಾನವಾದ ಯುಟಿಎಫ್-8ರಲ್ಲಿ 18 ಬೈಟ್ ಸಾಕಿತ್ತು. ಕಣ್ಣಿಗೆ ಚೆಂದವಿಲ್ಲ, ಆದರೆ ಹಿಂದಿರುಗಿಸಿದಾಗ ಹೆಸರು ಇದ್ದಂತೆಯೇ ಬರುತ್ತದೆ. ಯೂನಿಡಿಕೋಡ್‌ನಲ್ಲಿ ಹಿಂದಿರುಗುವ ದಾರಿಯೇ ಇಲ್ಲ.

ಈಗ ನಾನು ಇದನ್ನು ಕಡತದ ಹೆಸರು ಮತ್ತು ಹುಡುಕಾಟದ ಕೀಲಿಗೆ ಮಾತ್ರ ಬಳಸುತ್ತೇನೆ. ಮೂಲ ಕನ್ನಡ ಹೆಸರು ದತ್ತಸಂಚಯದಲ್ಲಿ ಹಾಗೆಯೇ ಇರುತ್ತದೆ. ರಸೀದಿಗೆ ಬೇಕಾದ ಇಂಗ್ಲಿಷ್ ಕಾಗುಣಿತವನ್ನು ಸದಸ್ಯರನ್ನೇ ಕೇಳಿ ಇನ್ನೊಂದು ಕಾಲಂನಲ್ಲಿ ತುಂಬಿಸುತ್ತೇವೆ. ಯೂನಿಡಿಕೋಡಿಗೆ ನನ್ನಿಂದ ಐದಕ್ಕೆ ಮೂರು ಅಂಕ. ಇದರ ಪರವಾನಗಿ ಜಿಪಿಎಲ್ ಎಂಬ ಮುಕ್ತ ತಂತ್ರಾಂಶದ ಪರವಾನಗಿ, ನಿಮ್ಮ ತಂತ್ರಾಂಶದೊಳಗೆ ಸೇರಿಸಿ ಮಾರುವ ಯೋಚನೆಯಿದ್ದರೆ ಅದನ್ನು ಮೊದಲು ಓದಿ.